ಮೇಕ್‌ಫೈಲ್ ಸಾಕಾ, ಆಟೋಟೂಲ್ಸ್ ಬೇಕಾ, ಸಿಮೇಕಾ, ಮೆಸಾನಾ? ಹಲವು ಯೂನಿಕ್ಸ್‌ಗಳಲ್ಲಿ ಬಿಲ್ಡ್ ಆಗಬೇಕಾದರೆ ಹೀಗೆ ಆರಿಸಿ

ಉಬುಂಟುವಿನಲ್ಲಿ ಸಲೀಸಾಗಿ ಬಿಲ್ಡ್ ಆದ ಸಿ ಪ್ರೋಗ್ರಾಮ್ ಮ್ಯಾಕ್‌ಗೆ ಹೋದ ಕೂಡಲೇ ಎರರ್ ಕೊಡುತ್ತದೆ. ಫ್ರೀಬಿಎಸ್‌ಡಿಯಲ್ಲಿ ಮೇಕ್‌ಫೈಲ್‌ನ ಮೊದಲ ಕಂಡಿಷನ್‌ಗೇ ಮೇಕ್ ತಕರಾರು ತೆಗೆಯುತ್ತದೆ. ಆಲ್ಪೈನ್ ಎನ್ನುವ ಪುಟ್ಟ ಲಿನಕ್ಸ್‌ನ ಕಂಟೇನರ್‌ನಲ್ಲಿ ಬ್ಯಾಶ್ ಶೆಲ್ ಇರುವುದೇ ಇಲ್ಲ. ಆಗ ಹುಟ್ಟುವ ಪ್ರಶ್ನೆಗಳನ್ನು ಹಲವರು ಕೇಳುತ್ತಿರುತ್ತಾರೆ: ಇರುವ ಮೇಕ್‌ಫೈಲನ್ನೇ ತಿದ್ದೋದಾ, ಆಟೋಟೂಲ್ಸ್ ಕಲಿಯೋದಾ, ಸಿಮೇಕ್‌ಗೆ ಹೋಗೋದಾ, ಮೆಸಾನ್ ಹಿಡಿಯೋದಾ?

ಇವೆಲ್ಲ ಸೋರ್ಸ್‌ನಿಂದ ಪ್ರೋಗ್ರಾಮ್ ಕಟ್ಟಿಕೊಡುವ, ಅಂದರೆ ಬಿಲ್ಡ್ ಮಾಡುವ ಟೂಲ್‌ಗಳು. ಟೂಲ್ ಆರಿಸುವ ಮೊದಲು ಎರಡು ಪಟ್ಟಿ ಬರೆದುಕೊಳ್ಳಿ. ನಿಮ್ಮ ಸಾಫ್ಟ್‌ವೇರ್ ನಿಜವಾಗಿ ಯಾವ ಯಾವ ಮಷಿನ್‌ಗಳಲ್ಲಿ ಬಿಲ್ಡ್ ಆಗಬೇಕು ಎನ್ನುವುದು ಒಂದು. ಬಿಲ್ಡ್ ಮಾಡುವವರ ಹತ್ತಿರ ಮೊದಲೇ ಏನೇನು ಇರಬೇಕು ಎನ್ನುವುದು ಇನ್ನೊಂದು. ಈ ಎರಡು ಪಟ್ಟಿ ಸರಿಯಾಗಿದ್ದರೆ ಅರ್ಧ ಆಯ್ಕೆ ತಾನಾಗಿಯೇ ಆಗಿರುತ್ತದೆ. ನಾನಿಲ್ಲಿ ಸಿ ಮತ್ತು ಸಿ++ ಪ್ರಾಜೆಕ್ಟ್‌ಗಳ ಬಗ್ಗೆ ಮಾತ್ರ ಹೇಳುತ್ತೇನೆ. ರಸ್ಟ್, ಗೋ ಭಾಷೆಗಳಿಗೆ ತಮ್ಮದೇ ಬಿಲ್ಡ್ ಟೂಲ್ ಇದೆ.

ಯಾವುದರಿಂದ ಅಳೆಯಬೇಕು

ಮೊದಲನೆಯದು ಸಿಸ್ಟಮ್‌ಗಳ ಪಟ್ಟಿ. "ಎಲ್ಲ ಯೂನಿಕ್ಸ್‌ಗಳೂ" ಎಂದು ಬರೆಯಬೇಡಿ. ಉಬುಂಟು, ಫೆಡೋರಾದಂಥ ಸಾಮಾನ್ಯ ಲಿನಕ್ಸ್ ಒಂದು ಗುಂಪು. ಮಸಲ್ ಎನ್ನುವ ಸಿ ಲೈಬ್ರರಿ, ಬಿಝಿಬಾಕ್ಸ್ ಎನ್ನುವ ಪುಟ್ಟ ಕಮಾಂಡ್‌ಗಳ ಕಟ್ಟು ಇರುವ ಆಲ್ಪೈನ್ ಇನ್ನೊಂದು. ಮ್ಯಾಕ್‌ಓಎಸ್ ಮತ್ತೊಂದು. ಆಮೇಲೆ ಫ್ರೀಬಿಎಸ್‌ಡಿ, ಓಪನ್‌ಬಿಎಸ್‌ಡಿ, ನೆಟ್‌ಬಿಎಸ್‌ಡಿ. ಕೊನೆಗೆ ಸೊಲಾರಿಸ್, ಇಲ್ಯೂಮೋಸ್, ಎಐಎಕ್ಸ್. ಪಟ್ಟಿಯಲ್ಲಿ ಕೆಳಗಿಳಿದಷ್ಟೂ ಕೆಲಸ ಜಾಸ್ತಿ. ನಿಮಗೆ ಎಐಎಕ್ಸ್ ಬಳಸುವ ಒಬ್ಬ ಗ್ರಾಹಕರೂ ಇಲ್ಲದಿದ್ದರೆ ಅದಕ್ಕಾಗಿ ಸುಮ್ನೆ ತಲೆ ಕೆಡಿಸಿಕೊಳ್ಳುವುದು ಬೇಡ.

ಎರಡನೆಯದು ಬಿಲ್ಡ್ ಮಾಡುವವರ ಮೇಲಿನ ಹೊರೆ. ಕಂಪೈಲರ್, ಶೆಲ್, ಮೇಕ್ ಇಷ್ಟೇ ಸಾಕಾ? ಪೈಥಾನ್ ಬೇಕಾ? ಸಿಮೇಕ್‌ನ ಇಂಥದ್ದೇ ವರ್ಷನ್ ಬೇಕಾ? ಲ್ಯಾಪ್‌ಟಾಪ್‌ನಲ್ಲಿ ಇದೊಂದು ವಿಷಯವೇ ಅಲ್ಲ, ಒಂದು ಕಮಾಂಡ್‌ನಲ್ಲಿ ಇನ್‌ಸ್ಟಾಲ್ ಆಗುತ್ತದೆ. ಇಂಟರ್ನೆಟ್ ಇಲ್ಲದ, ಅಡ್ಮಿನ್ ಅನುಮತಿ ಇಲ್ಲದ ಸರ್ವರ್‌ನಲ್ಲಿ ಇದೇ ದೊಡ್ಡ ವಿಷಯ. ನನ್ನ ಲೆಕ್ಕದಲ್ಲಿ ಎಲ್ಲ ಅಳತೆಗಳಲ್ಲಿ ಇದಕ್ಕೇ ತೂಕ ಹೆಚ್ಚು.

ಹೊರಗಿನ ಲೈಬ್ರರಿಗಳು ಎಷ್ಟು ಬೇಕು ಎನ್ನುವುದು ಮೂರನೆಯದು. ನಾಲ್ಕನೆಯದು, ನೀವೇ ಶೇರ್ಡ್ ಲೈಬ್ರರಿ (ಹಲವು ಪ್ರೋಗ್ರಾಮ್‌ಗಳು ಓಡುವಾಗ ಹಂಚಿಕೊಳ್ಳುವ ಲೈಬ್ರರಿ) ಕೊಡುತ್ತೀರಾ ಎನ್ನುವುದು. ಲಿನಕ್ಸ್‌ನಲ್ಲಿ ಅದು ಎಸ್‌ಓ ಫೈಲ್, ಮ್ಯಾಕ್‌ನಲ್ಲಿ ಡೈಲಿಬ್, ಎಐಎಕ್ಸ್‌ನಲ್ಲಿ ಸಾಮಾನ್ಯವಾಗಿ ಆರ್ಕೈವ್ ಫೈಲಿನ ಒಳಗೇ ಶೇರ್ಡ್ ಆಬ್ಜೆಕ್ಟ್ ಕೂತಿರುತ್ತದೆ. ಪ್ರೋಗ್ರಾಮ್ ಮಾತ್ರ ಕೊಡುವವರಿಗೆ ಈ ತಲೆನೋವು ಇಲ್ಲ. ಇನ್ನುಳಿದದ್ದು ಕ್ರಾಸ್ ಕಂಪೈಲ್ (ಒಂದು ಬಗೆಯ ಮಷಿನ್‌ನಲ್ಲಿ ಕೂತು ಇನ್ನೊಂದು ಬಗೆಯದಕ್ಕೆ ಬಿಲ್ಡ್ ಮಾಡುವುದು), ಮತ್ತು ಕಲಿಯಲು ನಿಮ್ಮ ಹತ್ತಿರ ಇರುವ ಸಮಯ. ಟೂಲ್‌ಗಳೆಲ್ಲ ಉಚಿತ. ಖರ್ಚಾಗುವುದು ನಿಮ್ಮ ಮತ್ತು ನಿಮ್ಮ ನಂತರ ಅದನ್ನು ನೋಡಿಕೊಳ್ಳುವವರ ಸಮಯ.

ಬರೀ ಮೇಕ್ ಮತ್ತು ಶೆಲ್

ಮೇಕ್ ಹುಟ್ಟಿದ್ದು 1976ರಲ್ಲಿ, ಬೆಲ್ ಲ್ಯಾಬ್ಸ್‌ನಲ್ಲಿ. ಬರೆದವರು ಸ್ಟೂವರ್ಟ್ ಫೆಲ್ಡ್‌ಮನ್. ಎಲ್ಲ ಯೂನಿಕ್ಸ್‌ಗಳಿಗೂ ಮೇಕ್ ಸಿಗುತ್ತದೆ, ಆದರೆ ಎಲ್ಲದರಲ್ಲೂ ಇರುವುದು ಒಂದೇ ಮೇಕ್ ಅಲ್ಲ. ಲಿನಕ್ಸ್‌ನಲ್ಲಿ ಗ್ನೂ ಮೇಕ್. ಫ್ರೀಬಿಎಸ್‌ಡಿಯಲ್ಲಿ 2014ರ 10.0 ಬಿಡುಗಡೆಯಿಂದ ನೆಟ್‌ಬಿಎಸ್‌ಡಿ ಕಡೆಯ ಬಿಮೇಕ್. ಓಪನ್‌ಬಿಎಸ್‌ಡಿಗೆ ಅದರದೇ ಮೇಕ್. ಮ್ಯಾಕ್‌ನ ಎಕ್ಸ್‌ಕೋಡ್ ಜೊತೆ ಬರುವುದು ಗ್ನೂ ಮೇಕೇ, ಆದರೆ 2006ರ 3.81.

ಇದರಿಂದ ಏನಾಗುತ್ತದೆ ನೋಡಿ. "ಮೊದಲ ಸೋರ್ಸ್ ಫೈಲ್" ಎಂದು ಸೂಚಿಸುವ `$<` ಗುರುತನ್ನು ಎಲ್ಲರೂ ಬಳಸುತ್ತಾರೆ. ಗ್ನೂ ಮೇಕ್‌ನಲ್ಲಿ ಅದು ಎಲ್ಲ ರೂಲ್‌ಗಳಲ್ಲೂ ಕೆಲಸ ಮಾಡುತ್ತದೆ. ಯೂನಿಕ್ಸ್‌ಗಳ ಸಾಮಾನ್ಯ ಸ್ಟ್ಯಾಂಡರ್ಡ್ ಆದ ಪೋಸಿಕ್ಸ್ ಭರವಸೆ ಕೊಡುವುದು ಸಫಿಕ್ಸ್ ರೂಲ್‌ನಂಥ, ಅಂದರೆ ಫೈಲ್ ಹೆಸರಿನ ಬಾಲ ನೋಡಿ ನಡೆಯುವ ಇನ್ಫರೆನ್ಸ್ ರೂಲ್‌ಗಳಿಗೆ ಮಾತ್ರ. ಹೆಸರು ಹೇಳಿ ಬರೆದ ಸಾಮಾನ್ಯ ರೂಲ್‌ನಲ್ಲಿ ಬಿಮೇಕ್ ಅದನ್ನು ಖಾಲಿ ಬಿಡುತ್ತದೆ. ಕಂಪೈಲರ್ ಕಮಾಂಡ್‌ಗೆ ಫೈಲ್ ಹೆಸರೇ ಹೋಗುವುದಿಲ್ಲ. "ಇನ್‌ಪುಟ್ ಫೈಲ್ ಇಲ್ಲ" ಎನ್ನುವ ಎರರ್ ಬರುತ್ತದೆ. ಫೈಲ್ ಕಣ್ಣೆದುರೇ ಇರುತ್ತದೆ, ಎಲ್ಲಿ ತಪ್ಪಿದೆ ಎಂದು ತಿಳಿಯುವುದಿಲ್ಲ. ಅಂಥ ರೂಲ್‌ಗಳಲ್ಲಿ ಫೈಲ್ ಹೆಸರನ್ನೇ ಬರೆದುಬಿಡಿ, ತೊಂದರೆ ಮುಗಿಯಿತು.

ಒಳ್ಳೆಯ ಸುದ್ದಿಯೂ ಇದೆ. 2024ರ ಪೋಸಿಕ್ಸ್ ಆವೃತ್ತಿ ಮೇಕ್‌ಗೆ ವೇರಿಯಬಲ್‌ಗೆ ಬೆಲೆ ಕೊಡುವ `?=`, `+=`, `!=` ಗಳನ್ನು, ಫೋನಿ ಟಾರ್ಗೆಟ್ (ಫೈಲ್ ಅಲ್ಲದ, ಬರೀ ಕೆಲಸದ ಹೆಸರು) ಘೋಷಣೆಯನ್ನು ಅಧಿಕೃತವಾಗಿ ಸೇರಿಸಿದೆ. ಇವು ಗ್ನೂ ಮತ್ತು ಬಿಎಸ್‌ಡಿ ಮೇಕ್‌ಗಳಲ್ಲಿ ಮೊದಲೇ ಇದ್ದವು. ಆದರೆ `!=` ಗ್ನೂ ಮೇಕ್‌ಗೆ ಬಂದದ್ದು 2013ರ 4.0ರಲ್ಲಿ, ಹಾಗಾಗಿ ಮ್ಯಾಕ್‌ನ 3.81ರಲ್ಲಿ ಅದು ಇಲ್ಲ. ಸ್ಟ್ಯಾಂಡರ್ಡ್‌ನಲ್ಲಿ ಬಂದಿದೆ ಎಂದರೆ ನಿಮ್ಮ ಮಷಿನ್‌ಗೂ ಬಂದಿದೆ ಎಂದಲ್ಲ.

ಶೆಲ್ ವಿಷಯದಲ್ಲಿ ಎಡವುವವರು ಇನ್ನೂ ಹೆಚ್ಚು. ಉಬುಂಟು 2006ರಲ್ಲೇ `/ಬಿನ್/ಎಸ್‌ಎಚ್` ಅನ್ನು ಬ್ಯಾಶ್‌ನಿಂದ ಡ್ಯಾಶ್‌ಗೆ ಬದಲಿಸಿತು, ಡೆಬಿಯನ್ 2011ರಲ್ಲಿ. ಫ್ರೀಬಿಎಸ್‌ಡಿಯಲ್ಲಿ ಆಮ್‌ಕ್ವಿಸ್ಟ್ ಶೆಲ್, ಓಪನ್‌ಬಿಎಸ್‌ಡಿಯಲ್ಲಿ ಕಾರ್ನ್ ಶೆಲ್ ವಂಶದ್ದು, ಆಲ್ಪೈನ್‌ನಲ್ಲಿ ಬಿಝಿಬಾಕ್ಸ್‌ನದು. ಮ್ಯಾಕ್‌ನಲ್ಲಿರುವ ಬ್ಯಾಶ್ 3.2ಕ್ಕೇ ನಿಂತಿದೆ. ಸೊಲಾರಿಸ್ 10ರ `/ಬಿನ್/ಎಸ್‌ಎಚ್` ಹಳೆಯ ಬೋರ್ನ್ ಶೆಲ್, ಅದಕ್ಕೆ `$(...)` ಕೂಡ ಅರ್ಥವಾಗುವುದಿಲ್ಲ. ಹಾಗಾಗಿ ಅರೇ, ಎರಡು ಚೌಕ ಆವರಣದ ಟೆಸ್ಟ್ ಇವನ್ನೆಲ್ಲ ಬಿಟ್ಟು ಸರಳ ಪೋಸಿಕ್ಸ್ ಶೆಲ್ ಬರೆಯಿರಿ. ಶೆಲ್‌ಚೆಕ್ ಎನ್ನುವ ಉಚಿತ ಟೂಲ್‌ಗೆ ಸ್ಕ್ರಿಪ್ಟ್ ಕೊಟ್ಟರೆ ಬ್ಯಾಶ್‌ಗೆ ಮಾತ್ರ ಸೇರಿದ ಸಾಲುಗಳನ್ನು ಅದು ತೋರಿಸಿಕೊಡುತ್ತದೆ.

ಕಮಾಂಡ್‌ಗಳದ್ದೂ ಇದೇ ಕತೆ, ಎತ್ತು ಏರಿಗೆಳೆದರೆ ಕೋಣ ನೀರಿಗೆ. ಫೈಲನ್ನು ಅಲ್ಲೇ ತಿದ್ದುವ `ಸೆಡ್ -ಐ` ಲಿನಕ್ಸ್‌ನಲ್ಲಿ ಹಾಗೇ ನಡೆಯುತ್ತದೆ. ಮ್ಯಾಕ್‌ನಲ್ಲಿ ಅದರ ಮುಂದೆ ಬ್ಯಾಕಪ್ ಹೆಸರಿನ ಬಾಲ, ಕನಿಷ್ಠ ಖಾಲಿ ಕೋಟ್ ಬೇಕೇ ಬೇಕು. ಎರಡೂ ಕಡೆ ನಡೆಯುವ ದಾರಿ ಎಂದರೆ ಔಟ್‌ಪುಟ್ ಅನ್ನು ತಾತ್ಕಾಲಿಕ ಫೈಲ್‌ಗೆ ಬರೆದು ಹಳೆಯದರ ಮೇಲೆ ಮೂವ್ ಮಾಡುವುದು. ಎಕೋ ಬದಲು ಯಾವಾಗಲೂ ಪ್ರಿಂಟ್‌ಎಫ್ ಬಳಸಿ. `ಎಕೋ -ಎನ್` ಅನ್ನು ಮ್ಯಾಕ್‌ನ `/ಬಿನ್/ಎಸ್‌ಎಚ್` ಹಾಗೇ ಪ್ರಿಂಟ್ ಮಾಡಿಬಿಡುತ್ತದೆ. ಕಂಪೈಲರ್ ಹೆಸರನ್ನು ಜಿಸಿಸಿ ಎಂದು ಬರೆದು ಕಟ್ಟಿಹಾಕಬೇಡಿ. ಫ್ರೀಬಿಎಸ್‌ಡಿಯ ಮೂಲ ಸಿಸ್ಟಮ್‌ನಲ್ಲಿ ಇರುವುದು ಕ್ಲ್ಯಾಂಗ್, ಅದನ್ನು `ಸಿಸಿ` ಎಂದು ಕರೆದರೆ ಸಾಕು.

ಇಷ್ಟು ಎಚ್ಚರ ವಹಿಸಿದರೆ, ಹೊರಗಿನ ಲೈಬ್ರರಿ ಒಂದೆರಡೇ ಇರುವ ಚಿಕ್ಕ ಪ್ರೋಗ್ರಾಮ್‌ಗೆ ಇದಕ್ಕಿಂತ ಒಳ್ಳೆಯ ಆಯ್ಕೆ ಇಲ್ಲ. ಬಿಲ್ಡ್ ಮಾಡುವವರ ಮೇಲೆ ಹೊರೆ ಸೊನ್ನೆ. ಶೇರ್ಡ್ ಲೈಬ್ರರಿ ಬಂದ ಕೂಡಲೇ ಮಾತ್ರ ಈ ದಾರಿ ಕಷ್ಟವಾಗುತ್ತದೆ.

"ಗ್ನೂ ಮೇಕ್ ಕಡ್ಡಾಯ ಎಂದುಬಿಡ್ತೀನಿ" ಎನ್ನುವವರೂ ಇದ್ದಾರೆ. ಅದೂ ಸರಿಯಾದ ನಿರ್ಧಾರವೇ, ಬಿಎಸ್‌ಡಿಗಳಲ್ಲಿ ಜಿಮೇಕ್ ಎನ್ನುವ ಹೆಸರಲ್ಲಿ ಸುಲಭವಾಗಿ ಸಿಗುತ್ತದೆ. ಹಾಗೆ ಮಾಡಿದರೆ ಫೈಲ್‌ಗೆ ಗ್ನೂಮೇಕ್‌ಫೈಲ್ ಎಂದೇ ಹೆಸರಿಡಿ. ಬಿಮೇಕ್ ಅದನ್ನು ಮುಟ್ಟುವುದೇ ಇಲ್ಲ, ಅರ್ಧ ಓದಿ ಗೊಂದಲದ ಎರರ್ ಕೊಡುವುದು ತಪ್ಪುತ್ತದೆ. ಮತ್ತು 3.81ರಲ್ಲಿ ಇಲ್ಲದ್ದನ್ನು ಬಳಸುವಾಗ ಜೋಪಾನ. ಒಂದು ರೂಲ್‌ನ ಎಲ್ಲ ಸಾಲುಗಳನ್ನೂ ಒಂದೇ ಶೆಲ್‌ನಲ್ಲಿ ಓಡಿಸುವ `.ಒನ್‌ಶೆಲ್` ಸೂಚನೆ ಬಂದದ್ದು 2010ರ 3.82ರಲ್ಲಿ. ಹಳೆಯದು ಅದನ್ನು ಎರರ್ ಕೊಡದೆ ಕಡೆಗಣಿಸುತ್ತದೆ. ಕ್ಲೀನ್ ರೂಲ್‌ನಲ್ಲಿ ಮೊದಲ ಸಾಲು "ಬಿಲ್ಡ್ ಫೋಲ್ಡರ್‌ಗೆ ಹೋಗು", ಎರಡನೇ ಸಾಲು "ಇಲ್ಲಿರುವುದನ್ನೆಲ್ಲ ಅಳಿಸು" ಎಂದಿದ್ದರೆ, ಮ್ಯಾಕ್‌ನಲ್ಲಿ ಎರಡನೇ ಸಾಲು ಹೊಸ ಶೆಲ್‌ನಲ್ಲಿ, ಸೋರ್ಸ್ ಫೋಲ್ಡರ್‌ನಲ್ಲೇ ಓಡುತ್ತದೆ. ಸೋರ್ಸ್ ಎಲ್ಲ ಹೋಯಿತು.

ಕೈಯಲ್ಲಿ ಬರೆದ ಕಾನ್ಫಿಗರ್

ಮೇಕ್ ಸಾಲದು, ಆಟೋಟೂಲ್ಸ್ ಜಾಸ್ತಿಯಾಯಿತು ಎನ್ನುವವರಿಗೆ ನಡುವಿನ ದಾರಿ ಇದು: ಬಿಲ್ಡ್‌ಗೆ ಮೊದಲು ಸಿಸ್ಟಮ್‌ನಲ್ಲಿ ಏನಿದೆ, ಏನಿಲ್ಲ ಎಂದು ನೋಡುವ ಒಂದು ಸ್ಕ್ರಿಪ್ಟ್. ಮಸಲ್, ಝೆಡ್‌ಲಿಬ್, ಎಫ್‌ಎಫ್‌ಎಂಪೆಗ್ ಮೂರೂ ಕೈಯಲ್ಲಿ ಬರೆದ ಶೆಲ್ ಸ್ಕ್ರಿಪ್ಟನ್ನೇ ಕಾನ್ಫಿಗರ್ ಎಂದು ಕೊಡುತ್ತವೆ.

ಮುಖ್ಯವಾದ ನಿಯಮ ಒಂದೇ: ಸಿಸ್ಟಮ್‌ನ ಹೆಸರು ಕೇಳಬೇಡಿ, ಸೌಲಭ್ಯ ಇದೆಯಾ ಎಂದು ಕೇಳಿ. ಉದಾಹರಣೆಗೆ, ಪ್ರೋಗ್ರಾಮ್ ಓಡುವಾಗಲೇ ಲೈಬ್ರರಿ ತೆರೆಯುವ ಡಿಎಲ್‌ಓಪನ್ ಫಂಕ್ಷನ್ ತೆಗೆದುಕೊಳ್ಳಿ. ಹಳೆಯ ಲಿನಕ್ಸ್‌ನಲ್ಲಿ ಅದಕ್ಕೆ `-ಎಲ್‌ಡಿಎಲ್` ಎಂದು ಬೇರೆ ಲೈಬ್ರರಿ ಜೋಡಿಸಬೇಕಿತ್ತು. 2021ರ ಜಿಲಿಬ್‌ಸಿ 2.34ರಲ್ಲಿ ಅದು ಮೂಲ ಸಿ ಲೈಬ್ರರಿಗೇ ಸೇರಿತು. ಬಿಎಸ್‌ಡಿಗಳಲ್ಲಿ ಮೊದಲಿಂದಲೂ ಅಲ್ಲೇ ಇದೆ. "ಲಿನಕ್ಸ್ ಆದರೆ ಜೋಡಿಸು, ಇಲ್ಲದಿದ್ದರೆ ಬೇಡ" ಎಂದು ಬರೆದರೆ ಎಲ್ಲೋ ಒಂದು ಕಡೆ ತಪ್ಪುತ್ತದೆ. ಅದರ ಬದಲು ಡಿಎಲ್‌ಓಪನ್ ಕರೆಯುವ ನಾಲ್ಕು ಸಾಲಿನ ಸಿ ಫೈಲನ್ನು ಸ್ಕ್ರಿಪ್ಟೇ ಬರೆದು, ಲೈಬ್ರರಿ ಇಲ್ಲದೆ ಲಿಂಕ್ ಮಾಡಿ ನೋಡಲಿ. ಆಗದಿದ್ದರೆ ಲೈಬ್ರರಿ ಜೋಡಿಸಿ ನೋಡಲಿ. ಎರಡೂ ಆಗದಿದ್ದರೆ ಸ್ಪಷ್ಟವಾಗಿ ಹೇಳಿ ನಿಲ್ಲಲಿ. ಇದು ನಾಳೆ ಬರುವ ಸಿಸ್ಟಮ್‌ನಲ್ಲೂ ಕೆಲಸ ಮಾಡುತ್ತದೆ.

ಹತ್ತಿಪ್ಪತ್ತು ಪರೀಕ್ಷೆಗಳವರೆಗೆ ಇದು ಹಿತವಾಗಿರುತ್ತದೆ. ಇನ್‌ಸ್ಟಾಲ್ ಜಾಗ ಹೇಳುವ ಪ್ರಿಫಿಕ್ಸ್, ಡೆಸ್ಟ್‌ಡಿರ್, ಕಂಪೈಲರ್ ಮತ್ತು ಅದರ ಆಪ್ಷನ್ ಹೇಳುವ ಸಿಸಿ, ಸಿಫ್ಲ್ಯಾಗ್ಸ್ ಇವನ್ನು ಪ್ಯಾಕೇಜ್ ಮಾಡುವವರು ನಿರೀಕ್ಷಿಸುವ ರೀತಿಯಲ್ಲೇ ಒಪ್ಪಿಕೊಳ್ಳಬೇಕು, ಅದನ್ನು ಮರೆಯಬೇಡಿ.

ಆಟೋಟೂಲ್ಸ್

ಡೇವಿಡ್ ಮೆಕೆಂಝಿ 1991ರಲ್ಲಿ ಆಟೋಕಾನ್ಫ್ ಶುರು ಮಾಡಿದರು. ಆಮೇಲೆ ಆಟೋಮೇಕ್, ಲಿಬ್‌ಟೂಲ್ ಸೇರಿ ಆಟೋಟೂಲ್ಸ್ ಆಯಿತು. ಇದರ ಮಾತು ಇವತ್ತಿಗೂ ಸಿಮೇಕ್, ಮೆಸಾನ್ ಕೊಡದ ಮಾತು: ಬಿಡುಗಡೆಯ ಟಾರ್‌ಬಾಲ್ (ಸೋರ್ಸ್ ಫೈಲ್‌ಗಳ ಕಟ್ಟು) ತೆಗೆದುಕೊಂಡವರಿಗೆ ಆಟೋಕಾನ್ಫ್ ಬೇಕಿಲ್ಲ, ಪೈಥಾನ್ ಬೇಕಿಲ್ಲ, ಶೆಲ್, ಮೇಕ್, ಕಂಪೈಲರ್ ಇದ್ದರೆ ಸಾಕು. ಎಐಎಕ್ಸ್, ಸೊಲಾರಿಸ್‌ಗಳ ಶೇರ್ಡ್ ಲೈಬ್ರರಿ ರಗಳೆಗಳನ್ನು ಲಿಬ್‌ಟೂಲ್ ಎಷ್ಟೋ ವರ್ಷಗಳಿಂದ ನಿಭಾಯಿಸಿಕೊಂಡು ಬಂದಿದೆ. ಕ್ರಾಸ್ ಕಂಪೈಲ್‌ಗೆ ಹೋಸ್ಟ್ ಹೆಸರು ಕೊಟ್ಟರೆ ಆಯಿತು. ಪ್ಯಾಕೇಜ್ ಮಾಡುವವರಿಗೆ ಇದರ ಆಪ್ಷನ್‌ಗಳು ಬಾಯಿಪಾಠ.

ಬೆಲೆಯೂ ಹಾಗೇ ಇದೆ. ಎಂ4 ಮ್ಯಾಕ್ರೋ ಭಾಷೆ ಕಲಿಯಬೇಕು. ಹುಟ್ಟಿಬರುವ ಕಾನ್ಫಿಗರ್ ಫೈಲ್ ಸಾವಿರಾರು ಸಾಲು, ಅದನ್ನು ಯಾರೂ ಓದುವುದಿಲ್ಲ. ಯಾರೂ ಓದದ ಜಾಗ ಎಷ್ಟು ಅಪಾಯ ಎನ್ನುವುದು 2024ರ ಮಾರ್ಚ್‌ನಲ್ಲಿ ಎಕ್ಸ್‌ಝೆಡ್ ಎನ್ನುವ ಫೈಲ್ ಕಂಪ್ರೆಷನ್ ಟೂಲ್‌ನ ಪ್ರಕರಣದಲ್ಲಿ ಗೊತ್ತಾಯಿತು. 5.6.0 ಮತ್ತು 5.6.1ರ ಟಾರ್‌ಬಾಲ್‌ಗಳಲ್ಲಿ ತಿದ್ದಿದ ಒಂದು ಎಂ4 ಫೈಲ್ ಇತ್ತು, ಹಿಂಬಾಗಿಲು ಬಿಲ್ಡ್ ಒಳಗೆ ನುಗ್ಗುವುದು ಅಲ್ಲಿಂದ ಶುರುವಾಗುತ್ತಿತ್ತು. ಗಿಟ್ ರೆಪಾಸಿಟರಿಯಲ್ಲಿ ಆ ತಿದ್ದುಪಡಿ ಇರಲಿಲ್ಲ. ಆಂಡ್ರೆಸ್ ಫ್ರಾಯಿಂಡ್ ಎನ್ನುವ ಡೆವಲಪರ್ ಅದನ್ನು ಪತ್ತೆ ಹಚ್ಚಿದರು. ಇದು ಆಟೋಟೂಲ್ಸ್‌ಗೆ ಮಾತ್ರ ಸೇರಿದ ರೋಗ ಎಂದುಕೊಳ್ಳಬೇಡಿ. ಅದೇ ಪ್ರಾಜೆಕ್ಟ್‌ನ ಸಿಮೇಕ್ ಫೈಲ್‌ನಲ್ಲಿ, ಲ್ಯಾಂಡ್‌ಲಾಕ್ ಎನ್ನುವ ಭದ್ರತಾ ಸೌಲಭ್ಯ ಇದೆಯಾ ಎಂದು ನೋಡುವ ಪುಟ್ಟ ಸಿ ಪ್ರೋಗ್ರಾಮ್‌ನೊಳಗೆ ಒಂದೇ ಒಂದು ಚುಕ್ಕಿ ಸೇರಿಸಲಾಗಿತ್ತು. ಚುಕ್ಕಿಯಿಂದಾಗಿ ಅದು ಎಲ್ಲೂ ಕಂಪೈಲ್ ಆಗುತ್ತಿರಲಿಲ್ಲ. "ಸೌಲಭ್ಯ ಇಲ್ಲ" ಎಂದು ತೀರ್ಮಾನವಾಗಿ ಭದ್ರತೆ ಸದ್ದಿಲ್ಲದೆ ಆಫ್ ಆಗುತ್ತಿತ್ತು.

ಕಂಪೈಲ್ ಮಾಡಿ ನೋಡುವ ಪರೀಕ್ಷೆಗಳ ದೌರ್ಬಲ್ಯ ಇದೇ. ಬೇರೆ ಯಾವುದೋ ಕಾರಣಕ್ಕೆ ಕಂಪೈಲ್ ಆಗದಿದ್ದರೂ ಉತ್ತರ "ಇಲ್ಲ" ಎಂದೇ ಬರುತ್ತದೆ. ಯಾರ ಕೆಟ್ಟ ಉದ್ದೇಶವೂ ಇಲ್ಲದೆ ಇದು ಆಗುತ್ತದೆ. 2023ರ ಕ್ಲ್ಯಾಂಗ್ 16, 2024ರ ಜಿಸಿಸಿ 14, ಘೋಷಿಸದ ಫಂಕ್ಷನ್ ಕರೆದರೆ ವಾರ್ನಿಂಗ್ ಬದಲು ಎರರ್ ಕೊಡಲು ಶುರು ಮಾಡಿದವು. ಹೆಡರ್ ಸೇರಿಸದೆ ಎಕ್ಸಿಟ್ ಕರೆಯುತ್ತಿದ್ದ ಹಳೆಯ ಪರೀಕ್ಷೆಗಳು ಬಿದ್ದವು, ಇದ್ದ ಸೌಲಭ್ಯಗಳೂ "ಇಲ್ಲ" ಆದವು. ನೀವು ಯಾವ ಟೂಲ್ ಆರಿಸಿದರೂ ಸರಿ, ಪರೀಕ್ಷೆಗಳ ಫಲಿತಾಂಶವನ್ನು ಕೊನೆಯಲ್ಲಿ ಪ್ರಿಂಟ್ ಮಾಡಿಸಿ. ನಿಮಗೆ ಬೇಕೇ ಬೇಕಾದದ್ದು "ಇಲ್ಲ" ಎಂದು ಬಂದರೆ ಬಿಲ್ಡ್ ನಿಲ್ಲಿಸಿ.

ಆಟೋಟೂಲ್ಸ್ ಇಟ್ಟುಕೊಂಡರೆ ಮಷಿನ್ ಯಾವ ಬಗೆಯದು ಎಂದು ಗುರುತಿಸುವ ಕಾನ್ಫಿಗ್.ಗೆಸ್ ಮತ್ತು ಕಾನ್ಫಿಗ್.ಸಬ್ ಫೈಲ್‌ಗಳನ್ನು ಆಗಾಗ ಹೊಸದು ಮಾಡಿಕೊಳ್ಳಿ. ಹಳೆಯವಕ್ಕೆ ಆರ್ಮ್ 64, ರಿಸ್ಕ್-ಫೈವ್ ಹೆಸರೇ ಗೊತ್ತಿರುವುದಿಲ್ಲ.

ಸಿಮೇಕ್

ಕಿಟ್‌ವೇರ್ ಕಂಪನಿ 2000ದಲ್ಲಿ ಶುರು ಮಾಡಿದ್ದು, ವೈದ್ಯಕೀಯ ಚಿತ್ರಗಳ ಐಟಿಕೆ ಲೈಬ್ರರಿಗಾಗಿ. ಲಿನಕ್ಸ್ ಡೆಸ್ಕ್‌ಟಾಪ್ ಪ್ರಾಜೆಕ್ಟ್ ಆದ ಕೆಡಿಇ ಇದನ್ನು 2006ರಲ್ಲಿ ಒಪ್ಪಿಕೊಂಡ ಮೇಲೆ ಎಲ್ಲ ಕಡೆ ಹರಡಿತು. ಇವತ್ತು ಸಿ++ ಜಗತ್ತಿನಲ್ಲಿ ಇದರಷ್ಟು ಜನ ಬಲ್ಲ ಟೂಲ್ ಬೇರೆ ಇಲ್ಲ.

ನಿಮ್ಮ ಪಟ್ಟಿಯಲ್ಲಿ ಯೂನಿಕ್ಸ್‌ಗಳ ಜೊತೆ ವಿಂಡೋಸೂ ಇದ್ದರೆ, ಅಥವಾ ಹೊರಗಿನ ಲೈಬ್ರರಿಗಳು ಹತ್ತು ದಾಟಿದ್ದರೆ ಸಿಮೇಕ್ ಕಡೆಗೇ ತೂಕ. ವಿಷುವಲ್ ಸ್ಟುಡಿಯೋಗೂ ಬರೆದುಕೊಡುತ್ತದೆ, ಮೇಕ್‌ನಂಥದ್ದೇ ಆದ ನಿಂಜಾಗೂ, ಮೇಕ್‌ಫೈಲ್‌ಗೂ. ಎಡಿಟರ್‌ಗಳೆಲ್ಲ ಇದನ್ನು ಬಲ್ಲವು. ಡೈಲಿಬ್, ಎಸ್‌ಓ, ಆರ್‌ಪಾತ್ (ಓಡುವಾಗ ಲೈಬ್ರರಿ ಹುಡುಕುವ ಜಾಗ) ವ್ಯತ್ಯಾಸಗಳನ್ನು ಅದೇ ನೋಡಿಕೊಳ್ಳುತ್ತದೆ.

ಹೊರೆ ಇರುವುದು ವರ್ಷನ್‌ನಲ್ಲಿ. ಬಿಲ್ಡ್ ಮಾಡುವವರ ಹತ್ತಿರ ಸಿಮೇಕ್ ಇರಲೇಬೇಕು, ನೀವು ಕೇಳಿದ ವರ್ಷನ್ ಇರಬೇಕು. ಉಬುಂಟು 22.04ರಲ್ಲಿ ಸಿಗುವುದು 3.22, ಡೆಬಿಯನ್ 12ರಲ್ಲಿ 3.25. ನೀವು 3.28 ಎಂದು ಬರೆದರೆ ಇವರಿಬ್ಬರೂ ಹೊರಗೆ. ತೀರಾ ಹಳೆಯದು ಬರೆದರೂ ತಪ್ಪೇ. 2025ರ ಮಾರ್ಚ್‌ನಲ್ಲಿ ಬಂದ 4.0, ಕನಿಷ್ಠ ವರ್ಷನ್ 3.5ಕ್ಕಿಂತ ಕೆಳಗೆ ಎಂದು ಬರೆದ ಪ್ರಾಜೆಕ್ಟ್‌ಗಳನ್ನು ಒಪ್ಪುವುದೇ ಇಲ್ಲ. ವರ್ಷಗಳಿಂದ ಯಾರೂ ಮುಟ್ಟದ ಎಷ್ಟೋ ಲೈಬ್ರರಿಗಳು ಆ ಒಂದು ಸಾಲಿನಿಂದ ನಿಂತುಹೋದವು. ಈ ಸಾಲಿನಲ್ಲಿ ವ್ಯಾಪ್ತಿ ಬರೆಯಬಹುದು, 3.16ರಿಂದ 3.31ರವರೆಗೆ ಎಂಬಂತೆ. ಹಾಗೆ ಬರೆಯುವುದೇ ಕ್ಷೇಮ.

ಭಾಷೆ ನನಗಿಷ್ಟವಿಲ್ಲ, ಅದನ್ನು ಹೇಳಲೇಬೇಕು. ಒಂದೇ ಕೆಲಸಕ್ಕೆ ಹಳೆಯ ಕಾಲದ್ದೊಂದು, ಈಗಿನದೊಂದು ದಾರಿ ಇರುತ್ತದೆ. ಹುಡುಕಿದಾಗ ಸಿಗುವ ಉದಾಹರಣೆಗಳಲ್ಲಿ ಬಹಳಷ್ಟು ಹಳೆಯವು. ಟಾರ್ಗೆಟ್‌ಗೆ (ಕಟ್ಟಬೇಕಾದ ಪ್ರೋಗ್ರಾಮ್ ಅಥವಾ ಲೈಬ್ರರಿಗೆ) ಸೇರಿದ್ದನ್ನು ಟಾರ್ಗೆಟ್‌ಗೇ ಹೇಳುವ ಈಗಿನ ಪದ್ಧತಿಯನ್ನು ಮಾತ್ರ ಕಲಿಯಿರಿ.

ಮೆಸಾನ್

ಯೂಸ್ಸಿ ಪಕ್ಕಾನೆನ್ ಶುರು ಮಾಡಿದ್ದು, ಮೊದಲ ಬಿಡುಗಡೆ 2013ರಲ್ಲಿ. ಓದಲು ಇದರಷ್ಟು ತಿಳಿಯಾದ ಬಿಲ್ಡ್ ಫೈಲ್ ಇಲ್ಲಿರುವ ಬೇರೆ ಯಾವುದರಲ್ಲೂ ಇಲ್ಲ. ಪ್ರಾಜೆಕ್ಟ್ ಹೆಸರು ಒಂದು ಸಾಲು, ಬೇಕಾದ ಲೈಬ್ರರಿ ಒಂದು ಸಾಲು, ಪ್ರೋಗ್ರಾಮ್ ಮತ್ತು ಅದರ ಸೋರ್ಸ್ ಒಂದು ಸಾಲು, ಚಿಕ್ಕ ಪ್ರಾಜೆಕ್ಟ್ ಅಲ್ಲಿಗೆ ಮುಗಿಯಿತು. ನಿಮ್ಮದೇ ಫಂಕ್ಷನ್ ಬರೆಯಲು ಬಿಡುವುದಿಲ್ಲ. ಕೆಲವರಿಗೆ ಅದು ಕೊರತೆ. ನನಗೆ ಅದು ಅನುಕೂಲ, ಏಕೆಂದರೆ ಹೊಸಬರು ಬಂದು ಫೈಲ್ ತೆರೆದರೆ ಎಲ್ಲೂ ಗಂಟು ಸಿಗುವುದಿಲ್ಲ. ಕ್ರಾಸ್ ಕಂಪೈಲ್‌ಗೆ ಕಂಪೈಲರ್, ಆರ್ಕಿಟೆಕ್ಚರ್ ವಿವರ ಇರುವ ಒಂದು ಫೈಲ್ ಕೊಟ್ಟರೆ ಆಯಿತು. ಲಿನಕ್ಸ್‌ನಲ್ಲಿ ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿ 2017ರಲ್ಲಿ, ವರ್ಚುವಲ್ ಮಷಿನ್ ಓಡಿಸುವ ಕ್ಯೂಎಮು 2020ರಲ್ಲಿ ಇದಕ್ಕೆ ಬಂದವು.

ಹೊರೆ ಎಂದರೆ ಪೈಥಾನ್ 3 ಮತ್ತು ನಿಂಜಾ. ಲಿನಕ್ಸ್, ಮ್ಯಾಕ್, ಬಿಎಸ್‌ಡಿಗಳಲ್ಲಿ ಇವು ಎರಡು ನಿಮಿಷದ ಕೆಲಸ. ಪೈಥಾನನ್ನೇ ಸೋರ್ಸ್‌ನಿಂದ ಕಟ್ಟಬೇಕಾದ ಹಳೆಯ ಸರ್ವರ್‌ನಲ್ಲಿ ಅದೇ ಇಡೀ ದಿನದ ಕೆಲಸ. ಪೈಥಾನ್ ಬೇಡ ಎನ್ನುವವರಿಗೆ ಮ್ಯುವಾನ್ ಎನ್ನುವ, ಸಿ ಭಾಷೆಯಲ್ಲೇ ಬರೆದ ಮರುರೂಪ ಇದೆ. ನಿಂಜಾ ಬದಲಿಗೆ ಸಾಮುರಾಯ್ ಇದೆ.

ಹಾಗಾದರೆ ನಿಮಗೆ ಯಾವುದು?

ವಿದ್ಯಾರ್ಥಿಗಳು, ಒಬ್ಬರೇ ಚಿಕ್ಕ ಟೂಲ್ ಬರೆಯುವವರು: ಪೋಸಿಕ್ಸ್ ಮೇಕ್‌ಫೈಲ್. ಲೈಬ್ರರಿ ಮೂರ್ನಾಲ್ಕು ಆದಾಗ ಕೈಬರಹದ ಕಾನ್ಫಿಗರ್, ಇಲ್ಲವೇ ನೇರ ಮೆಸಾನ್.

ಲಿನಕ್ಸ್, ಮ್ಯಾಕ್, ಬಿಎಸ್‌ಡಿ ಇಷ್ಟೇ ಗುರಿ ಇರುವ ಹೊಸ ಸಿ ಪ್ರಾಜೆಕ್ಟ್: ನಾನು ಮೆಸಾನ್ ಹೇಳುತ್ತೇನೆ. ಅದೇ ಪ್ರಾಜೆಕ್ಟ್ ಸಿ++ ಆಗಿದ್ದು, ಬೇರೆಯವರು ತಮ್ಮ ಪ್ರಾಜೆಕ್ಟ್ ಒಳಗೆ ಸೇರಿಸಿಕೊಳ್ಳುವ ಲೈಬ್ರರಿ ಆಗಿದ್ದರೆ ಸಿಮೇಕ್, ಏಕೆಂದರೆ ಅವರಲ್ಲಿ ಹೆಚ್ಚಿನವರು ಬಳಸುವುದು ಅದನ್ನೇ.

ಬ್ಯಾಂಕ್, ಟೆಲಿಕಾಂನಂಥ ಕಡೆ ಎಐಎಕ್ಸ್, ಸೊಲಾರಿಸ್‌ಗೆ ಶೇರ್ಡ್ ಲೈಬ್ರರಿ ಕೊಡಬೇಕಾದವರು: ಆಟೋಟೂಲ್ಸ್. ಕಲಿಕೆ ಕಷ್ಟ, ಆದರೆ ಇಲ್ಲಿ ಆ ಕಷ್ಟಕ್ಕೆ ಬೆಲೆ ಇದೆ. ಆಗ ಟಾರ್‌ಬಾಲನ್ನು ಗಿಟ್‌ನಿಂದ ಯಾರು ಬೇಕಾದರೂ ಮತ್ತೆ ಹುಟ್ಟಿಸಿ ತಾಳೆ ನೋಡುವಂತೆ ಇಡಿ.

ಈಗಾಗಲೇ ಕೆಲಸ ಮಾಡುತ್ತಿರುವ ಆಟೋಟೂಲ್ಸ್ ಪ್ರಾಜೆಕ್ಟ್ ಇದೆಯಾ? ಹೊಸತೆನ್ನುವ ಕಾರಣಕ್ಕೆ ಬದಲಿಸಬೇಡಿ. ಪೋಸ್ಟ್‌ಗ್ರೆಸ್‌ಕ್ಯೂಎಲ್ ಡೇಟಾಬೇಸ್ 2023ರ 16ನೇ ಆವೃತ್ತಿಯಲ್ಲಿ ಮೆಸಾನ್ ಸೇರಿಸಿದಾಗ ಹಳೆಯದನ್ನೂ ಉಳಿಸಿಕೊಂಡಿತು. ಆದರೆ ಎರಡನ್ನು ಸಾಕುವುದಕ್ಕೆ ಜನ ಬೇಕು. ಚಿಕ್ಕ ತಂಡ ಎರಡು ಬಿಲ್ಡ್ ಇಟ್ಟುಕೊಂಡರೆ ಒಂದು ಖಂಡಿತ ಹಾಳುಬೀಳುತ್ತದೆ.

ಯಾವುದನ್ನೇ ಆರಿಸಿ, ಪರೀಕ್ಷೆಗೆ ಹಣ ಬೇಕಿಲ್ಲ. ಆಲ್ಪೈನ್ ಕಂಟೇನರ್ ಒಂದು, ಕ್ಯೂಎಮುವಿನಲ್ಲಿ ಫ್ರೀಬಿಎಸ್‌ಡಿ ಒಂದು ಇಟ್ಟುಕೊಳ್ಳಿ. ಬ್ಯಾಶ್ ಮೇಲಿನ ಅವಲಂಬನೆ, ಗ್ನೂ ಮೇಕ್ ಮೇಲಿನ ಅವಲಂಬನೆ, ಗ್ನೂ ಸೆಡ್ ಮೇಲಿನ ಅವಲಂಬನೆ ಬಹುಪಾಲು ಇವೆರಡರಲ್ಲೇ ಸಿಕ್ಕಿಬೀಳುತ್ತವೆ. ನಿಮ್ಮದು ಮುಕ್ತ ಸಾಫ್ಟ್‌ವೇರ್ ಆದರೆ ಜಿಸಿಸಿ ಕಂಪೈಲ್ ಫಾರ್ಮ್‌ನಲ್ಲಿ ಅರ್ಜಿ ಹಾಕಿ ಉಚಿತ ಅಕೌಂಟ್ ಪಡೆಯಬಹುದು. ಅಲ್ಲಿ ಎಐಎಕ್ಸ್, ಸೊಲಾರಿಸ್ ಮಷಿನ್‌ಗಳೂ ಇವೆ. ಟೂಲ್ ಬಗ್ಗೆ ಇನ್ನೂ ಗೊಂದಲ ಇದ್ದರೆ, ಇರುವ ಮೇಕ್‌ಫೈಲನ್ನು ಇಂದೇ ಫ್ರೀಬಿಎಸ್‌ಡಿಯಲ್ಲಿ ಒಮ್ಮೆ ಓಡಿಸಿ. ಬರುವ ಎರರ್‌ಗಳು ಒಂದು ಪುಟದೊಳಗೆ ಇದ್ದರೆ ಅದನ್ನೇ ತಿದ್ದಿಕೊಳ್ಳಿ.